ಸೌದೆಯ ಉರಿಯೂ ಸೆರಗಿನ ಉರಿಯೂ

ಒಲೆಯಲ್ಲಿ ಸೌದೆಯು ಉರಿಯುತ್ತಿದೆ ಎಂದು ಹೇಳುವುದು ವಾಡಿಕೆ. ರಸಾಯನಶಾಸ್ತ್ರಜ್ಞನು ಈ ಮಾತನ್ನು ಪೂರ್ತಿಯಾಗಿ ಒಪ್ಪಲಾರನು. ಜ್ವಾಲೆಯಾಗಿ ಉರಿಯುವುದು ಸೌದೆಯಲ್ಲ. ಕಾವಿನಿಂದ ಸೌದೆಯು ಒಡೆದಾಗ ಅದರಿಂದ ಹೊರಡುವ ಅನಿಲಗಳು. ಬೆಂಕಿಕಡ್ಡಿಯೊಂದನ್ನು ಗೀರಿ ಹಿಡಿದು ನೋಡಿರಿ. ಜ್ವಾಲೆಯು ಕಡ್ಡಿಗೆ ಅಂಟಿಕೊಂಡಿರದೆ, ಎಳೆಯಷ್ಟು ಅಂತರದಲ್ಲಿ ನಿಂತಿರುವುದು ಕಾಣುತ್ತದೆ.

ಸೌದೆಗೆ ಕಾವು ಏರಿದಂತೆ ಮೊದಲು, 100 ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ, ತೇವವು ಹೊರಟುಹೋಗುತ್ತದೆ. ಹಸಿ ಸೌದೆಯು ಹೊಗೆಯಾಡಿ ಕಣ್ಣೀರು ತರಿಸುವುದೇಕೆಂಬುದು ಇದರಿಂದಲೇ ತಿಳಿಯುತ್ತದೆ. 220 ಡಿಗ್ರಿ ದಾಟಿದ ಮೇಲೆ ಹೆಮಿಸೆಲ್ಯುಲೋಸ್ ಒಡೆಯುತ್ತದೆ. ಸುಮಾರು 315ರಿಂದ 400ರೊಳಗೆ ಸೆಲ್ಯುಲೋಸ್ ಬಹು ವೇಗವಾಗಿ ಒಡೆಯುತ್ತದೆ. ಲಿಗ್ನಿನ್ ಮಾತ್ರ ನಿಧಾನಿ. ಉಳಿಯುವ ಇದ್ದಿಲಿನಲ್ಲಿ ಅದರ ಪಾಲೇ ಹೆಚ್ಚು. ಕಾಯುತ್ತಿರುವ ಪದಾರ್ಥವನ್ನು ಕಾಯುತ್ತಿರುವಂತೆಯೇ ತೂಗುವ ತಕ್ಕಡಿಯೊಂದನ್ನು 1915ರಲ್ಲಿ ಜಪಾನಿನ ಕೊಟಾರೊ ಹೊಂಡಾ ಎಂಬವರು ರಚಿಸಿದರು. ಈ ಬಗೆಯ ಲೆಕ್ಕಗಳಿಗೆಲ್ಲ ಇಂದಿಗೂ ಅದರ ಸಂತತಿಯೇ ಆಧಾರ.

ಗಾಳಿಯಿಲ್ಲದೆ ಕಾಯಿಸಿದರೆ ಜ್ವಾಲೆಯೇ ಏಳುವುದಿಲ್ಲ. 1923ರಲ್ಲಿ ಕಬ್ಬಿಣವನ್ನು ತೆಗೆಯಲಾರಂಭಿಸಿದ ಭದ್ರಾವತಿಯ ಕಾರ್ಖಾನೆಯು ನಡೆದದ್ದು ಈ ತತ್ತ್ವದ ಮೇಲೆಯೇ. ಮಲೆನಾಡಿನ ಸೌದೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸಿ, ಇದ್ದಿಲನ್ನು ಕುಲುಮೆಗೂ, ತಣಿಸಿದ ಆವಿಯಿಂದ ದೊರೆತ ಮರದ ಸಾರಾಯಿಯನ್ನೂ ಟಾರನ್ನೂ ಮಾರಾಟಕ್ಕೂ ಒದಗಿಸುತ್ತಿದ್ದರು.

ಇನ್ನು ಬಟ್ಟೆಯ ವಿಚಾರ. ಹತ್ತಿಯು ಬಹುಮಟ್ಟಿಗೆ ಶುದ್ಧ ಸೆಲ್ಯುಲೋಸ್. ಅಡುಗೆಯ ಮನೆಯಲ್ಲಿ ಸೆರಗಿಗೆ ಕಿಡಿ ತಗುಲಿದರೆ ಕ್ಷಣಾರ್ಧದಲ್ಲಿ ಮೈಗೆ ಏರುವುದು ಇದೇ ಕಾರಣದಿಂದ. ಇದಕ್ಕೆ ಉಪಾಯವುಂಟೆ? ನಾಟಕಶಾಲೆಗಳ ಪರದೆಗಳಿಗಾಗಿ ಫ್ರಾನ್ಸಿನ ಗೇ-ಲುಸ್ಸಾಕ್ 1821ರಲ್ಲಿಯೇ ಒಂದನ್ನು ಸೂಚಿಸಿದನು: ಅಮೋನಿಯಂ ಫಾಸ್ಫೇಟ್, ಬಿಳಿಗಾರ ಮೊದಲಾದ ಲವಣಗಳ ದ್ರಾವಣದಲ್ಲಿ ಬಟ್ಟೆಯನ್ನು ಅದ್ದಿ ಒಣಗಿಸುವುದು. ಕಾವು ತಗುಲಿದೊಡನೆ ಫಾಸ್ಫೇಟು ಆಮ್ಲವನ್ನು ಬಿಡುತ್ತದೆ. ಆ ಆಮ್ಲವು ಸೆಲ್ಯುಲೋಸಿನಿಂದ ನೀರನ್ನು ಕಿತ್ತು ಹೊರಹಾಕಿ, ಕಡಮೆ ಕಾವಿನಲ್ಲಿಯೇ ಅದನ್ನು ಇದ್ದಿಲಾಗಿಸುತ್ತದೆ. ಉರಿಯಬಲ್ಲ ಅನಿಲವು ಅಷ್ಟರಮಟ್ಟಿಗೆ ಕಡಮೆಯಾಗುತ್ತದೆ. ಬಟ್ಟೆಯು ಸುಟ್ಟು ಕರಿದಾಗುತ್ತದೆ, ಆದರೆ ಹೊತ್ತಿ ಉರಿಯುವುದಿಲ್ಲ. ಬಿಳಿಗಾರವೊಂದನ್ನೇ ಬಳಸಿದರೆ ಜ್ವಾಲೆ ಅಡಗಿದರೂ ಕೆಂಡವು ಒಳಗೊಳಗೆ ಹರಿಯಬಹುದು. ಆದುದರಿಂದ ಅದರೊಡನೆ ಬೋರಿಕ್ ಆಮ್ಲವನ್ನು ಬೆರೆಸುವರು.

ತರಗತಿಯಲ್ಲಿ ಈ ಪ್ರಯೋಗವನ್ನು ಹಳೆಯ ಪಂಚೆಯ ಚೂರಿನಿಂದ ಮಾಡಿ ತೋರಿಸುವುದು ನನ್ನ ಪದ್ಧತಿ. ವಿದ್ಯಾರ್ಥಿಗಳು ಮೆಚ್ಚುತ್ತಾರೆ. ಅನಂತರ ಅಂಥದೇ ಚೂರನ್ನು ನೀರಿನಲ್ಲಿ ಜಾಲಿಸಿ, ಒಣಗಿಸಿ, ಮತ್ತೆ ದೀಪಕ್ಕೆ ಹಿಡಿಯುತ್ತೇನೆ. ಅದು ಭಗ್ಗನೆ ಉರಿದುಹೋಗುತ್ತದೆ! ಪರದೆಗೆ ಸಾಕಾದ ಉಪಾಯವು ದಿನವೂ ಒಗೆಯುವ ಸೀರೆಗೆ ಸಾಲದು.

ತೊಳೆದರೂ ಹೋಗದ ಔಷಧವನ್ನು ಹುಡುಕಹೊರಟವರು ಬೇರೊಂದು ತೊಡಕಿಗೆ ಸಿಕ್ಕಿದರು. ಅಮೆರಿಕದಲ್ಲಿ ಮಕ್ಕಳ ರಾತ್ರಿಯುಡುಪಿಗೆ ಹಾಕುತ್ತಿದ್ದ ಟ್ರಿಸ್ ಎಂಬ ಬ್ರೋಮಿನ್ ಸಂಯುಕ್ತವು ಜೀವಕೋಶದ ಆನುವಂಶಿಕ ದ್ರವ್ಯವನ್ನೇ ಕೆಡಿಸಬಲ್ಲುದೆಂದು ಆರ್ಲೀನ್ ಬ್ಲಮ್ ಮತ್ತು ಬ್ರೂಸ್ ಏಮ್ಸ್ ಎಚ್ಚರಿಸಿದರು. ಆ ಉಡುಪುಗಳಲ್ಲಿ ಅದರ ಬಳಕೆಯು 1977ರಲ್ಲಿ ನಿಷಿದ್ಧವಾಯಿತು. ರಂಜಕದ ಸಂಯುಕ್ತಗಳನ್ನು ಹತ್ತಿಯ ನೂಲಿನೊಳಗೇ ನೆಲೆಗೊಳಿಸುವ ಕ್ರಮವೂ ಉಂಟು. ಬೆಂಕಿಯ ಬಳಿ ದುಡಿಯುವವರ ಉಡುಪಿಗೆ ಅದನ್ನು ಬಳಸುವರು. ಆದರೆ ಬಟ್ಟೆಯು ಸ್ವಲ್ಪ ಬಿರುಸಾಗುತ್ತದೆ, ಬೆಲೆಯೂ ಏರುತ್ತದೆ. ಒಲೆಯ ಮುಂದೆ ನಿಲ್ಲುವವರ ಸೀರೆಗೆ ಅದು ರೂಢಿಯಾಗಿಲ್ಲ.