ಮನೆಯ ಟಿವಿ ವಾಲ್ಯೂಮ್ ಎಷ್ಟಿದೆ?

ನ್ಯೂಸ್ ಚಾನೆಲ್‌ನಲ್ಲಿ ಕಿರುಚಾಟ ಜಾಸ್ತಿ ಅಂತ ಬೈತೀರಿ, ಸರಿ. ಆದರೂ ಅಪ್ಪ ದಿನೇ ದಿನೇ ವಾಲ್ಯೂಮ್ ಏರಿಸ್ತಾನೇ ಇದ್ದಾರಾ? ಹಾಗಿದ್ರೆ ವಿಷಯ ಕಿವಿಯದ್ದಷ್ಟೇ ಅಲ್ಲ, ಮಿದುಳಿನದ್ದೂ ಹೌದು.

ಯಶವಂತಪುರದ ಪಕ್ಕದಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನಾ ಕೇಂದ್ರವಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಯೋಜನೆ ಅವರದ್ದು. 45 ಯಾಕೆ? ಮರೆವಿನ ಕಾಯಿಲೆ 70ರಲ್ಲಿ ಕಾಣಿಸಿಕೊಂಡರೂ ಒಳಗೊಳಗೆ ಶುರುವಾಗೋದು ಹತ್ತಿಪ್ಪತ್ತು ವರ್ಷ ಮೊದಲೇ.

ಅಷ್ಟರೊಳಗೆ ಏನು ಸರಿಪಡಿಸಿಕೊಳ್ಳಬಹುದು? 2024ರ ಲ್ಯಾನ್ಸೆಟ್ ಆಯೋಗದ ವರದಿ 14 ಕಾರಣಗಳನ್ನು ಕೊಟ್ಟಿದೆ. ಬಿಪಿ, ಶುಗರ್, ಸಿಗರೇಟು ಗೊತ್ತಿರೋದೇ. ಕಿವಿ ಮಂದವಾಗೋದೂ ಅದರಲ್ಲಿದೆ, ಅದೂ ದೊಡ್ಡ ಕಾರಣಗಳ ಸಾಲಿನಲ್ಲಿ. ಇದಕ್ಕೆ ತಜ್ಞರು ಕೊಡುವ ಒಂದು ವಿವರಣೆಯನ್ನು ನಮ್ಮ ಎಂಜಿನಿಯರಿಂಗ್ ಭಾಷೆಯಲ್ಲಿ ಹೇಳ್ತೀನಿ: ಸಿಗ್ನಲ್ ವೀಕ್ ಆದ್ರೆ ಪ್ರೊಸೆಸರ್‌ಗೆ ಲೋಡ್ ಜಾಸ್ತಿ. ಅರ್ಧಂಬರ್ಧ ಕೇಳಿಸಿದ ಮಾತನ್ನು ಜೋಡಿಸೋದರಲ್ಲೇ ಮಿದುಳು ಸುಸ್ತು. ಆಮೇಲೆ ‘ಏನಂದ್ರಿ?’ ಅಂತ ಮತ್ತೆ ಮತ್ತೆ ಕೇಳೋಕೆ ಮುಜುಗರ. ಹೆಬ್ಬಾಳ ಕೆರೆಯ ವಾಕಿಂಗ್ ಗೆಳೆಯರೂ ದೂರ. ಆ ಒಂಟಿತನವೂ ಅದೇ ಪಟ್ಟಿಯಲ್ಲಿದೆ.

ಕನ್ನಡಕಕ್ಕಿಲ್ಲದ ನಾಚಿಕೆ ಹಿಯರಿಂಗ್ ಏಡ್‌ಗೆ ಯಾಕೋ! ಹಾಕ್ಕೊಂಡ್ರೆ ಮರೆವು ಬರೋದೇ ಇಲ್ಲ ಅಂತಲ್ಲ, ಅಪಾಯ ತಗ್ಗಬಹುದು. ‘ನಂಗೇನಾಗಿದೆ?’ ಅಂತಾರೆ ಅಪ್ಪ. ಒಪ್ಪಿಸಿ, ಕಿವಿ ಪರೀಕ್ಷೆಗೆ ಕರ್ಕೊಂಡು ಹೋಗಿ. ಯಲಹಂಕದಿಂದ ಮೆಜೆಸ್ಟಿಕ್‌ವರೆಗೂ ಇಯರ್‌ಫೋನ್ ಫುಲ್ ವಾಲ್ಯೂಮಲ್ಲಿ ಇಟ್ಕೊಂಡು ಬರೋರು, ನೀವೂ ಸ್ವಲ್ಪ ತಗ್ಗಿಸಿ.