ಮುದಿ ಕುದುರೆಗೆ ಮದುವೆಯ ಅನ್ನ ಬೇಡ

ನಮ್ಮ ತೋಟದಲ್ಲಿರುವ ರಾಣಿಗೆ ಈಗ ಇಪ್ಪತ್ತರ ಮೇಲೆ ವಯಸ್ಸು. ಕಡಲ ಕಿನಾರೆಯಲ್ಲಿ ವರ್ಷಗಟ್ಟಲೆ ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಸುತ್ತಿದ ಕುದುರೆ. ದುಡಿಯಲು ಆಗದೆ ಹೋದಾಗ ಮಾರಿಬಿಡಿ ಎಂದವರೇ ಹೆಚ್ಚು. ಬಾಪ ಒಪ್ಪಲಿಲ್ಲ. "ಅದು ದುಡಿದದ್ದನ್ನು ನಾವು ಉಂಡಿದ್ದೇವೆ, ಈಗ ಹೊರಗೆ ಹಾಕುವುದಾ?" ಎಂದರು. ಲಾಯ ಕಟ್ಟಿಸುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ತೆಂಗಿನ ಮರಗಳ ನಡುವೆ ನಾಲ್ಕು ಕಂಬ ನೆಟ್ಟು ಮೇಲೆ ತಗಡು ಹಾಕಿದೆವು, ಅಷ್ಟೇ.

ಎರಡು ವರ್ಷದ ಹಿಂದೆ ನೆರೆಮನೆಯಲ್ಲಿ ಮದುವೆ. ಉಳಿದ ನೈಚೋರು ಎರಡು ಬಕೆಟ್ ಬಂತು. ಅನ್ನ ಹಾಳು ಮಾಡಬಾರದು ಎಂದು ಉಮ್ಮ ಪ್ರೀತಿಯಿಂದಲೇ ರಾಣಿಯ ಮುಂದೆ ಸುರಿದರು. ಕುದುರೆಯೂ ಒಂದು ಅಗುಳು ಬಿಡದೆ ತಿಂದಿತು. ಎರಡನೇ ದಿನ ಬೆಳಿಗ್ಗೆ ನೋಡಿದರೆ ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಕೊಟ್ಟು ನಿಂತಿದೆ. ಕರೆದರೆ ಬರುವುದಿಲ್ಲ, ತಿರುಗಲೂ ಆಗುವುದಿಲ್ಲ. ಗೊರಸು ಮುಟ್ಟಿದರೆ ಬಿಸಿ. ಕಾಲು ಉಳುಕಿರಬೇಕು, ಸ್ವಲ್ಪ ನಡೆಸಿದರೆ ಸರಿಹೋಗುತ್ತದೆ ಎಂದುಕೊಂಡು ಹಗ್ಗ ಹಿಡಿದು ಎಳೆದೆವು. ಅದು ನಾವು ಮಾಡಿದ ಎರಡನೇ ತಪ್ಪು.

ಬಂದ ಡಾಕ್ಟರರು ಮೊದಲು ನಡೆಸುವುದನ್ನು ನಿಲ್ಲಿಸಿದರು. ಗೊರಸಿನ ಮೇಲ್ಭಾಗದ ಹಿಂದೆ ಬೆರಳಿಟ್ಟು ನಾಡಿ ತೋರಿಸಿದರು. ಸಾಮಾನ್ಯವಾಗಿ ಅಲ್ಲಿ ನಾಡಿ ಹುಡುಕಿದರೂ ಸಿಗುವುದು ಕಷ್ಟ, ಅವತ್ತು ಬಡಿದುಕೊಳ್ಳುತ್ತಿತ್ತು. ರೋಗದ ಹೆಸರು ಲ್ಯಾಮಿನೈಟಿಸ್. ಗೊರಸಿನ ಒಳಗೆ ಒಂದು ಮೂಳೆ ಇದೆ. ಆ ಮೂಳೆಯನ್ನು ಗೊರಸಿನ ಗೋಡೆಗೆ ಹಿಡಿದಿಡುವುದು ತೆಳು ಪದರಗಳು. ಅನ್ನ, ಧಾನ್ಯ ಒಮ್ಮೆಲೇ ಹೆಚ್ಚು ತಿಂದರೆ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದ ಪಿಷ್ಟ ದೊಡ್ಡ ಕರುಳಿಗೆ ಹೋಗಿ ಹುಳಿಯುತ್ತದೆ. ಅದರ ವಿಷ ರಕ್ತಕ್ಕೆ ಸೇರಿ ಈ ಪದರಗಳು ಉರಿಯೂತದಿಂದ ಸಡಿಲವಾಗುತ್ತವೆ. ಹಿಡಿತ ಪೂರ್ತಿ ತಪ್ಪಿದರೆ ಮೂಳೆ ತಿರುಗುತ್ತದೆ, ಇಲ್ಲವೇ ಕೆಳಗೆ ಕುಸಿಯುತ್ತದೆ. ಅಂಥ ಕಾಲಿನ ಮೇಲೆ ನಡೆಸಿದರೆ ಏನಾಗಬಹುದು, ಯೋಚಿಸಿ.

ಡಾಕ್ಟರರು ನೋವಿನ ಇಂಜೆಕ್ಷನ್ ಕೊಟ್ಟು "ಐಸ್ ಸಿಗುತ್ತದಾ?" ಎಂದು ಕೇಳಿದರು. ಕಡಲ ಕರೆಯ ಊರಿನಲ್ಲಿ ಐಸಿಗೆ ಏನು ಬರ! ಮೀನಿಗೆ ಹಾಕುವ ಐಸನ್ನೇ ತಂದು, ರಬ್ಬರ್ ಬುಟ್ಟಿಗೆ ನೀರಿನ ಜೊತೆ ಸುರಿದು, ಮುಂಗಾಲು ಎರಡನ್ನೂ ಅದರಲ್ಲಿ ನಿಲ್ಲಿಸಿದೆವು. ಎರಡು ದಿನ, ಎರಡು ರಾತ್ರಿ ಮನೆಮಂದಿ ಪಾಳಿಯಲ್ಲಿ ಐಸ್ ಬದಲಿಸಿದರು. ಮೊದಲ ಎರಡು ಮೂರು ದಿನದಲ್ಲಿ ಕೊಟ್ಟ ತಂಪೇ ಹೆಚ್ಚು ಉಪಕಾರ. ಆಮೇಲೆ ಸೂರಿನಡಿ ದಪ್ಪಗೆ ಮರಳು ಹಾಸಿದೆವು. ಕಾಲು ಹೂತು ನಿಂತರೆ ಭಾರ ಹಂಚಿಹೋಗುತ್ತದೆ. ಮನೆಯಲ್ಲಿರುವ ನಮ್ಮ ನೋವಿನ ಮಾತ್ರೆಯನ್ನು ಮಾತ್ರ ಕೊಡಲು ಹೋಗಬೇಡಿ. ಡಾಕ್ಟರ್ ಬರುವುದು ತಡವಾದರೆ 1962ಕ್ಕೆ ಫೋನ್ ಮಾಡಿ, ಪಶು ಚಿಕಿತ್ಸೆಯ ಸರಕಾರಿ ವಾಹನದ ಸಹಾಯವಾಣಿ ಅದು.

ರಾಣಿ ಬದುಕಿತು. ಆದರೆ ಒಮ್ಮೆ ಬಂದ ಕಾಲಿಗೆ ಇದು ಮತ್ತೆ ಬರುವುದು ಸುಲಭ. ಹಾಗಾಗಿ ಈಗ ನಡೆಯುವುದೆಲ್ಲ ತೂಕದ ಲೆಕ್ಕ. ತಂಗಿಯ ಹೊಲಿಗೆ ಟೇಪಿನಿಂದಲೇ ಅಳೆಯುತ್ತೇವೆ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಸೆಂಟಿಮೀಟರಿನಲ್ಲಿ, ಅದನ್ನು ಅದರಿಂದಲೇ ಗುಣಿಸಿ, ಮತ್ತೆ ಭುಜದ ಮುಂಭಾಗದಿಂದ ಪೃಷ್ಠದ ತುದಿವರೆಗಿನ ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕೆ.ಜಿ. ಲೆಕ್ಕ ಸಿಗುತ್ತದೆ. ನಮ್ಮದಕ್ಕೆ 150 ಸುತ್ತಳತೆ, 140 ಉದ್ದ. ಅಂದರೆ ಸುಮಾರು 265 ಕೆ.ಜಿ. ನೂರು ಕೆ.ಜಿ.ಗೆ ಒಂದೂವರೆ ಕೆ.ಜಿ.ಯಂತೆ ದಿನಕ್ಕೆ ನಾಲ್ಕು ಕೆ.ಜಿ. ಒಣಹುಲ್ಲು. ಇದಕ್ಕಿಂತ ಕಡಿಮೆ ಮಾಡಿ ಉಪವಾಸ ಕೆಡವುವುದೂ ಅಪಾಯ. ಹೊಟ್ಟೆ ಖಾಲಿ ಬಿದ್ದರೆ ದೇಹದ ಕೊಬ್ಬೆಲ್ಲ ರಕ್ತಕ್ಕೆ ಬಂದು ಬೇರೆಯೇ ಕಾಯಿಲೆಯಾಗುತ್ತದೆ.

ಹುಲ್ಲನ್ನು ಒಂದು ಗಂಟೆ ತಣ್ಣೀರಿನಲ್ಲಿ ನೆನೆಸಿ, ಆ ನೀರು ಚೆಲ್ಲಿ ಕೊಡುತ್ತೇವೆ. ಸಕ್ಕರೆಯ ಅಂಶ ಸ್ವಲ್ಪ ಇಳಿಯುತ್ತದೆ. ಸೆಖೆಯಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಹುಳಿ ವಾಸನೆ ಬರುತ್ತದೆ. ಬೈಹುಲ್ಲು ಅಗ್ಗ, ನಿಜ. ಆದರೆ ಬರೀ ಅದನ್ನೇ ಹಾಕಿದರೆ ಸತ್ವ ಸಾಲದು. ಹಲ್ಲು ಸವೆದ ಕುದುರೆ ಜಗಿಯಲಾಗದೆ ಕರುಳಿನಲ್ಲಿ ಗಂಟು ಕಟ್ಟಿಕೊಳ್ಳಬಹುದು. ಅದಕ್ಕೇ ಗುಡ್ಡದ ಒಣಹುಲ್ಲು ಹೆಚ್ಚು, ಬೈಹುಲ್ಲು ಕಡಿಮೆ, ವರ್ಷಕ್ಕೊಮ್ಮೆ ಹಲ್ಲಿನ ಪರೀಕ್ಷೆ. ಹುರುಳಿ, ಬೆಲ್ಲ, ಹಲಸಿನ ಸಿಪ್ಪೆ, ಉಳಿದ ಖರ್ಜೂರ ಎಲ್ಲ ಬಂದ್. ದನದ ಫೀಡ್ ಅಂತೂ ಹತ್ತಿರಕ್ಕೂ ತರಬಾರದು. ಅದರಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆತಿದ್ದರೆ ಕುದುರೆಯ ಹೃದಯಕ್ಕೆ ವಿಷ.

ಬಕ್ರೀದಿಗೆ ಆಡು ತಂದು ಕಟ್ಟಿದ ಮನೆಗಳಲ್ಲೂ ಇದೇ ಕಥೆ. ಬೇಗ ದಷ್ಟಪುಷ್ಟವಾಗಲಿ ಎಂದು ರಾಶಿ ಅನ್ನ, ಗೋಧಿ ಹಾಕಿ, ಹೊಟ್ಟೆ ಹುಳಿದು ಉಬ್ಬಿ ಹಬ್ಬದ ಮೊದಲೇ ಸಾಯುವ ಆಡುಗಳಿಗೆ ಲೆಕ್ಕವಿಲ್ಲ.

ಹೊರಗೆ ಇರುವ ಕುದುರೆಗೆ ಮಳೆಗಾಲವೇ ದೊಡ್ಡ ಪರೀಕ್ಷೆ. ಮಳೆ ಬಿದ್ದ ಮೇಲೆ ಚಿಗುರಿದ ಹಸಿ ಹುಲ್ಲು ನೋಡಿದರೆ ಅದಕ್ಕೆ ತಡೆಯಲಾಗುವುದಿಲ್ಲ. ಬಿಸಿಲೇರಿದಷ್ಟೂ ಹುಲ್ಲಿನಲ್ಲಿ ಸಕ್ಕರೆ ಏರುವುದರಿಂದ ಬೆಳ್ಳಂಬೆಳಗ್ಗೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕಟ್ಟುತ್ತೇವೆ. ಮರಳು ಒದ್ದೆಯಾದರೆ ಗೊರಸು ಮೆತ್ತಗಾಗಿ ಕೊಳೆಯುತ್ತದೆ, ಸುತ್ತ ಚರಂಡಿ ತೋಡಲೇಬೇಕಾಯಿತು. ಲಾಳ ಕಟ್ಟುವವರು ಆರೇಳು ವಾರಕ್ಕೊಮ್ಮೆ ಬಂದು ಗೊರಸು ಕತ್ತರಿಸುತ್ತಾರೆ. ನಮಗೆ ಬೀಳುವ ದೊಡ್ಡ ಖರ್ಚು ಅದೇ. ಉಳಿದೆಲ್ಲದರಲ್ಲಿ ಹಿಡಿತ ಮಾಡಬಹುದು, ಇದರಲ್ಲಿ ಆಗುವುದಿಲ್ಲ.

ಇನ್ನೊಂದು ಸಂಗತಿ. ವಯಸ್ಸಾದ ಕುದುರೆಯ ಕೂದಲು ಉದುರದೆ ಉದ್ದ ಬೆಳೆಯುತ್ತಾ, ಬೆನ್ನಿನ ಮಾಂಸ ಕರಗುತ್ತಿದ್ದರೆ ಅದು ಮೆದುಳಿನ ಬುಡದ ಗ್ರಂಥಿಯ ತೊಂದರೆ ಇರಬಹುದು. ಅದರಿಂದಲೂ ಲ್ಯಾಮಿನೈಟಿಸ್ ಬರುತ್ತದೆ. ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ, ಮಾತ್ರೆ ಇದೆ, ಆದರೆ ಜೀವನಪೂರ್ತಿ ಕೊಡಬೇಕು. ರಾಣಿಗೆ ಸದ್ಯ ಅದಿಲ್ಲ.

ಅನ್ಸಾರಿಯೊಬ್ಬರ ತೋಟದಲ್ಲಿ ಒಂಟೆಯೊಂದು ಪ್ರವಾದಿಯವರನ್ನು ಕಂಡು ಕಣ್ಣೀರಿಟ್ಟ ಹದೀಸನ್ನು ಉಸ್ತಾದರು ಮದ್ರಸದಲ್ಲಿ ನಮಗೆಲ್ಲ ಹೇಳಿಕೊಟ್ಟಿದ್ದರು. ಮಾಲಕ ಹಸಿವೆಯಲ್ಲಿಟ್ಟು ದುಡಿಸುತ್ತಾನೆ ಎಂಬುದು ಆ ಒಂಟೆಯ ದೂರು. ಉಮ್ಮನಿಗೆ ಅದೇ ಮನಸ್ಸಿನಲ್ಲಿ ಕೂತಿತ್ತು. ರಾಣಿ ಹಸಿದು ನೋಡುತ್ತಿದೆ, ನಾಳೆ ಅಲ್ಲಾಹನ ಮುಂದೆ ಏನು ಹೇಳಲಿ ಎಂದು ಮೊದಮೊದಲು ಅಳುತ್ತಿದ್ದರು. ಡಾಕ್ಟರರೇ ಒಂದು ದಿನ ಕೂತು ಹೇಳಿದರು: "ಉಮ್ಮಾ, ಅದಕ್ಕೆ ಹಸಿವಿಲ್ಲ, ಆಸೆ ಇದೆ. ನಿಮ್ಮ ಸಕ್ಕರೆ ಕಾಯಿಲೆಗೆ ನೀವು ಪಾಯಸ ಬಿಟ್ಟಿಲ್ಲವಾ?" ಅಂದಿನಿಂದ ಹುಲ್ಲು ತೂಗುವ ಕೆಲಸ ಉಮ್ಮನದೇ. ಒಂದು ಹಿಡಿ ಹೆಚ್ಚಾದರೂ ತೆಗೆದಿಡುತ್ತಾರೆ.

ಕಳೆದ ತಿಂಗಳು ಮತ್ತೊಂದು ಮದುವೆ, ಮತ್ತೆ ನೈಚೋರಿನ ಬಕೆಟ್ ಬಂತು. ರಾಣಿ ಬೇಲಿಗೆ ಕುತ್ತಿಗೆ ಚಾಚಿ ಕೆನೆಯಿತು. ಉಮ್ಮ ಅದರ ಹಣೆ ಸವರಿ, ಬಕೆಟ್ ಹಿಡಿದು ಕೋಳಿಗೂಡಿನ ಕಡೆ ನಡೆದರು.