ಬೀಡಿಯೂ ಭಂಗಿಯೂ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಗಾಂಜಾ ಹಿಡಿದ ವರ್ತಮಾನವು ಬಂದಾಗಲೆಲ್ಲ ನಮ್ಮ ಜನರು ಅದನ್ನು ಪೊಲೀಸಿನವರ ಕೆಲಸವೆಂದು ಬಗೆದು ಸುಮ್ಮನಾಗುವರು. ಗಾಂಜಾ ಸೇದುವವನು ಬೇರೊಂದು ಲೋಕದವನೆಂದೂ, ಬೀಡಿ ಸೇದುವವನು ನೆರೆಮನೆಯವನೆಂದೂ ಒಂದು ಭಾವನೆಯು ಬಹುಕಾಲದಿಂದ ಬೇರೂರಿದೆ. ಈ ಎರಡು ಚಟಗಳ ನಡುವೆ ಗೋಡೆಯಿದೆಯೆಂಬುದನ್ನು ನಾವು ಒಪ್ಪಲಾರೆವು.

ಭಂಗಿಯ ಸೊಪ್ಪನ್ನು ಅರೆದು ಕುಡಿಯುವುದು ಒಂದು ಪದ್ಧತಿ. ಅದೇ ಗಿಡದ ಹೂಗೊನೆಯನ್ನು ಒಣಗಿಸಿ ಸೇದುವುದು ಇನ್ನೊಂದು. ಸೇದುವವರು ಅದನ್ನು ಹೊಗೆಸೊಪ್ಪಿನೊಡನೆ ಬೆರೆಸಿ ಚಿಲುಮೆಗೆ ತುಂಬುವುದು ನಮ್ಮ ದೇಶದ ಹಳೆಯ ರೂಢಿ. ಬ್ರಿಟಿಷ್ ಸರಕಾರವು 1893ರಲ್ಲಿ ನೇಮಿಸಿದ ಆಯೋಗವು 1193 ಸಾಕ್ಷಿಗಳನ್ನು ವಿಚಾರಿಸಿ 1894ರಲ್ಲಿ ವರದಿಯನ್ನೊಪ್ಪಿಸಿತು. ಮಿತವಾದ ಸೇವನೆಯಿಂದ ಗಣನೀಯವಾದ ಕೇಡಿಲ್ಲ, ಅತಿಯಾದುದರಿಂದ ಕೇಡುಂಟು ಎಂದು ಹೇಳಿ, ಅದು ನಿಷೇಧದ ಬದಲು ತೆರಿಗೆ ಮತ್ತು ಪರವಾನಗಿಯ ಹತೋಟಿಯನ್ನು ಸೂಚಿಸಿತು. ಅಬಕಾರಿಯ ಆದಾಯವನ್ನು ನೆಚ್ಚಿದ್ದ ಸರಕಾರಕ್ಕೆ ಆ ಮಾತು ಹಿತವಾಗಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ಸ್ವತಂತ್ರ ಭಾರತದ 1985ರ ಅಧಿನಿಯಮವು ಗಾಂಜಾವನ್ನು ಬೆಳೆಯುವುದು, ಮಾರುವುದು, ಸೇವಿಸುವುದು ಎಲ್ಲವನ್ನೂ ಅಪರಾಧವೆಂದು ಸಾರಿತು. ಅದರೊಡನೆ ಚಿಲುಮೆಗೆ ಬೀಳುವ ಹೊಗೆಸೊಪ್ಪು ಮಾತ್ರ ಅಂಗಡಿಯ ಸರಕಾಗಿಯೇ ಉಳಿಯಿತು.

ಎರಡರ ವಿಸ್ತಾರವನ್ನು ಹೋಲಿಸಿ ನೋಡುವುದು ಯುಕ್ತ. 2016–17ರ ರಾಷ್ಟ್ರೀಯ ಸಮೀಕ್ಷೆಯಂತೆ 15 ವರ್ಷ ಮೇಲ್ಪಟ್ಟವರಲ್ಲಿ ಶೇಕಡ 28.6 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. 2019ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯಂತೆ, 10ರಿಂದ 75 ವರ್ಷದವರಲ್ಲಿ ಹಿಂದಿನ ಒಂದು ವರ್ಷದೊಳಗೆ ಭಂಗಿ, ಗಾಂಜಾ, ಚರಸ್‌ಗಳಲ್ಲಿ ಯಾವುದನ್ನಾದರೂ ಸೇವಿಸಿದವರು ಶೇಕಡ 2.8. ಚಿಕ್ಕ ಹೊಳೆಗೆ ಕಟ್ಟೆ ಕಟ್ಟುವುದರಲ್ಲಿಯೇ ನಮ್ಮ ಗಮನವೆಲ್ಲ ನಿಂತಿದೆ. ದೊಡ್ಡ ಹೊಳೆಯು ಅಂಗಳದಲ್ಲಿಯೇ ಹರಿಯುತ್ತಿದೆ.

ಹೊಗೆ ಸೇದದವರು ಗಾಂಜಾ ಮುಟ್ಟುವುದೇ ಇಲ್ಲವೆ? ಮುಟ್ಟುವವರುಂಟು. ಸ್ವಿಟ್ಜರ್ಲೆಂಡಿನಲ್ಲಿ 16ರಿಂದ 20 ವರ್ಷದ 5263 ವಿದ್ಯಾರ್ಥಿಗಳನ್ನು ವಿಚಾರಿಸಿದ ಒಂದು ಅಧ್ಯಯನವು 2007ರಲ್ಲಿ ಪ್ರಕಟವಾಯಿತು. ಎರಡನ್ನೂ ಸೇದುತ್ತಿದ್ದವರು 1703 ಮಂದಿ. ತಂಬಾಕಿಲ್ಲದೆ ಗಾಂಜಾ ಮಾತ್ರ ಸೇವಿಸುತ್ತಿದ್ದವರು 455 ಮಂದಿ. ಈ ಎರಡನೆಯವರು ಮೊದಲಿನವರಿಗಿಂತ ಓದಿನಲ್ಲಿಯೂ ಆಟದಲ್ಲಿಯೂ ಮೇಲಾಗಿದ್ದರು. ಇಷ್ಟನ್ನೇ ಓದಿ ಗಾಂಜಾ ನಿರಪಾಯವೆಂದು ಹೇಳುವವರಿಗೆ ನಾವು ಒಂದು ಮಾತನ್ನು ನೆನಪಿಸುವೆವು: ಯಾವುದನ್ನೂ ಮುಟ್ಟದವರಿಗಿಂತ ಇವರು ತರಗತಿಯನ್ನು ಹೆಚ್ಚಾಗಿ ತಪ್ಪಿಸುತ್ತಿದ್ದರು, ತಂದೆತಾಯಿಗಳೊಡನೆ ಇವರ ಬಾಂಧವ್ಯವೂ ಅಷ್ಟು ಚೆನ್ನಾಗಿರಲಿಲ್ಲ. ನಮ್ಮಲ್ಲಿಯಾದರೋ, ಗಾಂಜಾ ಬೀಡಿಯೊಳಗೆ ಬೆರೆತು ಕೈಗೆ ಬರುವುದರಿಂದ, ಹೊಗೆ ಸೇದದ ಹುಡುಗನು ಗಾಂಜಾವನ್ನು ಪರೀಕ್ಷಿಸಹೋಗಿ ತಾನರಿಯದೆಯೇ ತಂಬಾಕಿನ ದಾಸನಾಗುವನು. ಗಾಂಜಾವನ್ನು ಬಿಟ್ಟ ಮೇಲೆಯೂ ಬೀಡಿ ಉಳಿಯುವುದು; ಬೀಡಿ ಹಚ್ಚಿದಾಗಲೆಲ್ಲ ಹಳೆಯ ಬಯಕೆಯು ಮರಳುವುದು.

ಮಲೆನಾಡಿನಲ್ಲಿ ಹೊಗೆಸೊಪ್ಪಿಗೆ ಸಲಿಗೆ ಹೆಚ್ಚು. ಎಡೆಬಿಡದ ಮಳೆ, ಥಂಡಿ, ತೋಟದ ದುಡಿಮೆ ಇವುಗಳ ನಡುವೆ ಬೀಡಿಯೊಂದು ಬೆಚ್ಚನೆಯ ಸಂಗಾತಿ. ಉಂಬಳ ಹತ್ತದಂತೆ ಕಾಲಿಗೆ ತಿಕ್ಕುವುದಕ್ಕೂ ಅದೇ ಸೊಪ್ಪು. ಎಲೆಯಡಿಕೆಯೊಡನೆ ಅಗಿಯುವುದಕ್ಕೂ ಅದೇ. ಹಾಗೆ ಅಗಿಯುವವನು ತಾನು ಹೊಗೆ ಸೇದದವನೆಂದು ಹೆಮ್ಮೆಪಡುವುದೂ ಉಂಟು! ಗಾಂಜಾದ ಪಿಡುಗಿಗೆಲ್ಲ ಕೊಯ್ಲಿಗೆ ಹೊರನಾಡಿನಿಂದ ಬಂದ ಕೂಲಿಯವರೋ ಬೆಟ್ಟ ನೋಡಲು ಬಂದ ಪ್ರವಾಸಿಗಳೋ ಕಾರಣವೆಂದು ದೂರುವುದು ಸುಲಭ. ಆದರೆ ನಮ್ಮ ಹುಡುಗನ ಕೈಗೆ ಮೊದಲ ಬೀಡಿಯನ್ನಿತ್ತವರು ಅವರಲ್ಲ.

ಆದುದರಿಂದ ಕಾರ್ಯವು ಅಂಗಡಿಯಿಂದಲೇ ಮೊದಲಾಗಬೇಕು. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯು ತಂಬಾಕು ಮಾರಾಟದ ವಯಸ್ಸನ್ನು 18ರಿಂದ 21ಕ್ಕೆ ಏರಿಸಿದೆ. ಶಾಲೆಯ ಸುತ್ತ 100 ಮೀಟರಿನೊಳಗೆ ಮಾರುವುದನ್ನು ನಿಷೇಧಿಸಿದೆ. ಸಂತೆಯ ದಿನ ಇದನ್ನು ನಡೆಸಿ ತೋರಿಸುವುದು ತಾಲ್ಲೂಕಿನ ಅಧಿಕಾರಿಗಳ ಹೊಣೆ. ತೋಟದ ಮಾಲೀಕರು ಲೈನುಮನೆಗಳಿಗೆ ವೈದ್ಯರನ್ನು ಕರೆಸಲಿ. ವೈದ್ಯರು ಎರಡು ಚಟಗಳನ್ನೂ ಒಟ್ಟಿಗೆ ವಿಚಾರಿಸಿ ಒಟ್ಟಿಗೆ ಬಿಡಿಸಲಿ. ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದರೆ, ಸೇವನೆಗಾಗಿಯೂ ಅಲ್ಪ ಪ್ರಮಾಣವನ್ನಿಟ್ಟುಕೊಂಡುದಕ್ಕಾಗಿಯೂ ಅವನ ಮೇಲೆ ಮೊಕದ್ದಮೆ ನಡೆಸದಂತೆ 1985ರ ಅಧಿನಿಯಮದ 64ಎ ಕಲಮು ರಕ್ಷಣೆ ಕೊಡುತ್ತದೆ. ಈ ಕಲಮನ್ನು ಪ್ರತಿಯೊಂದು ಲೈನಿನಲ್ಲಿಯೂ ಓದಿ ಹೇಳಬೇಕು. ಮಾರುವವನಿಗೆ ಕಾನೂನಿನ ಭಯವಿರಲಿ. ಸೇದಿ ಕೆಟ್ಟವನಿಗೆ ಆಸ್ಪತ್ರೆಯ ಬಾಗಿಲು ತೆರೆದಿರಲಿ.

ಪೊಲೀಸಿನವರು ಗಾಂಜಾದ ಗಿಡವನ್ನು ಕಿತ್ತು ಸುಡಬಲ್ಲರು. ಮಗನ ಜೇಬಿನೊಳಗಿನ ಬೀಡಿಯ ಕಟ್ಟನ್ನು ವಿಚಾರಿಸಬೇಕಾದವರು ನಾವೇ.